ಕೋಣಕ್ಕಿರುವ ಕಾಳಜಿ ಕೆಸರಿಗಿಳಿಯುವ ಹುಡುಗರಿಗೂ ಇರಲಿ

ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ಮಲೆನಾಡಿನ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಒಂದೇ ತರಹದ ಪೋಸ್ಟರ್ ಓಡಾಡಲು ಶುರುವಾಗುತ್ತದೆ. ಕೆಸರು ಎರಚುತ್ತಾ ಹಾರುವ ಬೈಕ್, ಕೆಂಪಕ್ಷರದಲ್ಲಿ ಬಹುಮಾನದ ಮೊತ್ತ, ಕೆಳಗೆ ಎಂಟ್ರಿ ಫೀಸು, ಸಂಪರ್ಕಕ್ಕೆ ಎರಡು ಮೊಬೈಲ್ ನಂಬರ್. ಗದ್ದೆಯಲ್ಲಿ ನಡೆಸುವ ರೇಸು ಒಂದು ಬಗೆ, ಕಾಫಿ ತೋಟದ ಒಳಗೆ ಮರಗಳ ನಡುವೆ ಹಾದಿ ಮಾಡಿ ನಡೆಸುವುದು ಇನ್ನೊಂದು ಬಗೆ. ಪೋಸ್ಟರಿನಲ್ಲಿ ಊಟದ ವ್ಯವಸ್ಥೆ ಇದೆ ಅಂತ ಬರೆದಿರುತ್ತಾರೆ. ಡಾಕ್ಟರ್ ಇರುತ್ತಾರೆ, ಆಂಬ್ಯುಲೆನ್ಸ್ ನಿಂತಿರುತ್ತದೆ ಎಂಬ ಸಾಲು ಕಣ್ಣಿಗೆ ಬೀಳುವುದು ಅಪರೂಪ.

ಮೊದಲೇ ಹೇಳಿಬಿಡುತ್ತೇವೆ, ನಮಗೆ ಈ ರೇಸು ಬೇಕು. ನಮ್ಮ ಬಳಗದಲ್ಲೇ ಮೂವರು ಇಳಿದವರಿದ್ದೇವೆ. ಊರಿನ ಹಿರಿಯರು ‘ಕೆಲಸವಿಲ್ಲದವರ ಪುಂಡಾಟ’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಆದರೆ ಬೆಳಿಗ್ಗೆ ಆರಕ್ಕೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಜಾರುವ ದಿಣ್ಣೆ ಹತ್ತಿ ಡೈರಿಗೆ ಹೋಗುವವನು, ಕಾಫಿ ಮೂಟೆ ಹಿಂದೆ ಹಾಕಿಕೊಂಡು ತೋಟದ ಇಳಿಜಾರು ಇಳಿಯುವವನು ದಿನವೂ ಮಾಡುವುದು ಇದನ್ನೇ. ಪೇಟೆಯವರು ದುಡ್ಡು ಕೊಟ್ಟು ಕಲಿಯುವ ಕ್ಲಚ್ಚಿನ ಹದ ಇವರ ಎಡಗೈಗೆ ತಾನಾಗಿಯೇ ಬಂದಿರುತ್ತದೆ. ನಮ್ಮ ಹುಡುಗರು ಪೇಟೆಯವರ ಜೊತೆ ಸರಿಸಮ ನಿಂತು ಗೆಲ್ಲಬಹುದಾದ ಆಟಗಳು ಎಷ್ಟಿವೆ ಹೇಳಿ? ಇದು ಅಂಥದ್ದೊಂದು.

ಕಾಣದವರಿಗೆ ಸ್ವಲ್ಪ ಹೇಳಬೇಕು. ತೋಟದ ಒಳಗಿನ ರೇಸಿನಲ್ಲಿ ಐದಾರು ಬೈಕುಗಳನ್ನು ಒಟ್ಟಿಗೆ ಬಿಡುತ್ತಾರೆ. ಸಿಲ್ವರ್ ಓಕ್ ಮರಗಳ ಸಾಲಿನ ನಡುವೆ ಹಗ್ಗವೋ ಪ್ಲಾಸ್ಟಿಕ್ ಪಟ್ಟಿಯೋ ಕಟ್ಟಿರುತ್ತಾರೆ. ಮೇಲೆ ತರಗೆಲೆ, ಕೆಳಗೆ ಜೇಡಿ. ಎಲೆ ನೋಡಿ ಗಟ್ಟಿ ನೆಲ ಅಂದುಕೊಂಡರೆ ಚಕ್ರ ಮೊಣಕಾಲುದ್ದ ಇಳಿಯುತ್ತದೆ. ಮೊದಲ ಹೀಟಿನಲ್ಲಿ ಹೋದವರಿಗೆ ಸಿಗುವ ದಾರಿಯೇ ಬೇರೆ, ನಾಲ್ಕನೆಯದರಲ್ಲಿ ಹೋದವರಿಗೆ ಸಿಗುವುದೇ ಬೇರೆ. ಅಷ್ಟೊತ್ತಿಗೆ ಚಕ್ರದ ಜಾಡುಗಳು ಚರಂಡಿಯಾಗಿರುತ್ತವೆ, ಒಮ್ಮೆ ಅದರೊಳಗೆ ಸಿಕ್ಕಿದರೆ ಅದು ಕರೆದೊಯ್ದಲ್ಲಿಗೆ ಹೋಗಬೇಕು.

ಕೆಸರಿನಲ್ಲಿ ವೇಗಕ್ಕಿಂತ ನಿಲ್ಲದೆ ಹೋಗುವುದು ಮುಖ್ಯ. ಎರಡನೇ ಗೇರಿನಲ್ಲಿ ಎಕ್ಸಿಲೇಟರ್ ಒಂದೇ ಹದಕ್ಕೆ ಹಿಡಿದು, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೈಯನ್ನು ಹಿಂದಕ್ಕೆ ತಂದು, ಕಣ್ಣನ್ನು ಹತ್ತು ಮಾರು ಮುಂದೆ ನೆಟ್ಟಿರಬೇಕು. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದವನು ಬಿದ್ದ ಅಂತಲೇ ಲೆಕ್ಕ. ಒದ್ದೆ ಬೇರು ಎದುರಾದರೆ ಅಡ್ಡಕ್ಕೆ ನೇರವಾಗಿ ದಾಟಬೇಕು, ಓರೆಯಾಗಿ ಹತ್ತಿಸಿದರೆ ಸೋಪಿನ ಮೇಲೆ ಕಾಲಿಟ್ಟಂತೆ. ರಸ್ತೆಗೆ 25, 30 ಇರುವ ಗಾಳಿಯನ್ನು 15ರ ಆಸುಪಾಸಿಗೆ ಇಳಿಸುತ್ತಾರೆ, ಟೈರು ನೆಲವನ್ನು ಅಗಲವಾಗಿ ಕಚ್ಚಲಿ ಎಂದು. ಟ್ಯೂಬಿನ ಟೈರಾದರೆ ಇನ್ನೂ ಇಳಿಸುವಂತಿಲ್ಲ, ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ. ಮುಂದಿನ ಮಡ್‌ಗಾರ್ಡಿನೊಳಗೆ ಜೇಡಿ ತುಂಬಿ ಚಕ್ರವೇ ತಿರುಗದೆ ನಿಲ್ಲುವುದುಂಟು, ಅದಕ್ಕೇ ಅನುಭವಸ್ಥರು ಅದನ್ನು ಎತ್ತರಿಸಿ ಕಟ್ಟಿಕೊಂಡು ಬರುತ್ತಾರೆ.

1996ರಲ್ಲಿ ತಯಾರಿಕೆ ನಿಂತ ಆರ್‌ಎಕ್ಸ್ 100 ಇವತ್ತಿಗೂ ಇಂಥ ಕಡೆ ಮರ್ಯಾದೆ ಉಳಿಸಿಕೊಂಡಿದೆ. ಹಗುರ ಗಾಡಿ, ಬಿದ್ದರೆ ಒಬ್ಬನೇ ಎತ್ತಬಹುದು. 2019ರಲ್ಲಿ ಎಕ್ಸ್‌ಪಲ್ಸ್ 200 ಬಂದ ಮೇಲೆ ಲೋಕಲ್ ಕ್ಲಾಸಿನ ಚಹರೆ ಬದಲಾಯಿತು. ನೆಲದಿಂದ 220 ಮಿಲಿಮೀಟರ್ ಎತ್ತರ, ಉದ್ದ ಸಸ್ಪೆನ್ಷನ್, ಸಾಲ ಸಿಗುವ ಬೆಲೆ. ಈ ‘ಸಾಲ ಸಿಗುವ’ ಎನ್ನುವುದರಲ್ಲೇ ನಮ್ಮ ತಕರಾರು ಇರುವುದು.

ಬೈಕಿನ ಇನ್ಶೂರೆನ್ಸ್ ಪತ್ರವನ್ನು ಒಮ್ಮೆ ಮೊಬೈಲಿನಲ್ಲಿ ತೆರೆದು ‘ಲಿಮಿಟೇಷನ್ಸ್ ಆಸ್ ಟು ಯೂಸ್’ ಎಂಬ ಭಾಗ ಓದಿ. ವ್ಯವಸ್ಥಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಅಲ್ಲಿ ಬರೆದಿರುತ್ತದೆ. ಗಾಡಿ ಮುರಿದರೆ ಕ್ಲೇಮ್ ಇಲ್ಲ. ಮಾಲೀಕನೇ ಓಡಿಸುವಾಗ ಸತ್ತರೆ ಮನೆಯವರಿಗೆ ಸಿಗಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಈ ಷರತ್ತಿಗೇ ಬಂದು ನಿಲ್ಲುತ್ತದೆ. ಫೈನಾನ್ಸ್ ಕಂಪನಿಯ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಎಂಟ್ರಿ ಫೀಸು ಕಟ್ಟುವ ಹುಡುಗರಲ್ಲಿ ಹತ್ತರಲ್ಲಿ ಒಬ್ಬನಿಗಾದರೂ ಇದನ್ನು ಯಾರಾದರೂ ಹೇಳಿದ್ದಾರೆಯೇ? ನಾವು ಕೇಳಿದವರ ಪೈಕಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವರಿಂದ ಸಹಿ ಮಾತ್ರ ಹಾಕಿಸಿಕೊಳ್ಳುತ್ತಾರೆ. ಒಂದು ಹಾಳೆ, ಎರಡೂ ಬದಿ ಇಂಗ್ಲಿಷ್. ನನ್ನ ಇಚ್ಛೆಯಿಂದ ಭಾಗವಹಿಸುತ್ತಿದ್ದೇನೆ, ಗಾಯವಾದರೂ ಸತ್ತರೂ ಸಂಘಟಕರು ಹೊಣೆಯಲ್ಲ, ನನ್ನ ವಾರಸುದಾರರು ಏನನ್ನೂ ಕೇಳುವುದಿಲ್ಲ ಎಂಬುದು ಅದರ ಸಾರಾಂಶ. ಟೇಬಲ್ಲಿನ ಮುಂದೆ ಸಾಲು ನಿಂತಿರುತ್ತದೆ, ಮಳೆ ಹೊಯ್ಯುತ್ತಿರುತ್ತದೆ, ಹಿಂದಿನವನು ದೂಡುತ್ತಿರುತ್ತಾನೆ. ಯಾರು ಓದುತ್ತಾರೆ? ಓದಿದರೂ ಎಷ್ಟು ಜನಕ್ಕೆ ಅರ್ಥವಾದೀತು? ಅದೇ ಜಾಗದಲ್ಲಿ ಮೈಕಿನಲ್ಲಿ ದಿನವಿಡೀ ಕೇಳಿಸುವುದು ಅಚ್ಚ ಕನ್ನಡ, ಅದು ಬೇರೆ.

ಕೆಲ ವರ್ಷಗಳ ಹಿಂದೆ ನಮ್ಮವನೊಬ್ಬ ಅಗಳು ದಾಟುವ ಕಡೆ ಬಿದ್ದ. ಕಾಫಿ ಗಿಡ ಕಡಿದು ಉಳಿದ ಬೊಡ್ಡೆಗೆ ಭುಜ ಬಡಿದು ಕಾಲರ್ ಬೋನ್ ಮುರಿಯಿತು. ‘ಏನಾಗಲ್ಲ ಅಣ್ಣ, ಮಣ್ಣು ಮೆತ್ತಗಿದೆ’ ಅಂದ ಬಾವುಟ ಹಿಡಿದಿದ್ದ ಹುಡುಗ. ಅವನ ತಪ್ಪೇನಿಲ್ಲ, ಬೆಳಿಗ್ಗೆ ಕೈಗೆ ಬಾವುಟ ಕೊಟ್ಟು ನಿಲ್ಲಿಸಿದ್ದರು ಅಷ್ಟೆ. ಆಂಬ್ಯುಲೆನ್ಸ್ ಇರಲಿಲ್ಲ. ಗೊಬ್ಬರ ತರುವ ಪಿಕಪ್ಪಿನಲ್ಲಿ ಹಾಕಿಕೊಂಡು ಹೋದೆವು, ಗುಂಡಿ ಬಂದಾಗಲೆಲ್ಲ ಅವನು ಕೂಗುತ್ತಿದ್ದ. ಅತ್ತ ಮುಂದಿನ ಹೀಟ್ ಬಿಟ್ಟ ಸದ್ದು ಗೇಟು ದಾಟುವ ಮೊದಲೇ ಕೇಳಿಸಿತು.

108ಕ್ಕೆ ಫೋನ್ ಮಾಡಬಹುದಲ್ಲ ಅಂತ ಸಂಘಟಕರು ಹೇಳುತ್ತಾರೆ. ಇದು ನಮಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. 108 ಹೋಬಳಿಯ ಎಲ್ಲರದ್ದು. ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ, ಎದೆ ಹಿಡಿದುಕೊಂಡ ಮುದುಕರಿಗೆ ಇರುವ ಗಾಡಿ. ಫೀಸು ವಸೂಲಿ ಮಾಡಿ, ಸ್ಟಾಲಿಗೆ ಬಾಡಿಗೆ ತೆಗೆದುಕೊಂಡು ನಡೆಸುವ ಆಟಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಬಾಡಿಗೆ ಆಂಬ್ಯುಲೆನ್ಸ್ ತಂದು ನಿಲ್ಲಿಸುವಷ್ಟು ದುಡ್ಡಿಲ್ಲದಿದ್ದರೆ ಆ ವರ್ಷ ಟ್ರೋಫಿ ಚಿಕ್ಕದು ಮಾಡಲಿ.

ದೊಡ್ಡ ಮಟ್ಟದಲ್ಲಿ ಹೇಗೆ ನಡೆಯುತ್ತದೆ ನೋಡಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, 36ನೇ ಸ್ಥಾನ. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ರಿಯಾದಿನ ಆಸ್ಪತ್ರೆಗೆ ಒಯ್ದಿತು. ಬದುಕಿ ಬಂದರು. ನಮ್ಮ ಉಡುಪಿಯ ಕೆ.ಪಿ. ಅರವಿಂದ್, ಬಿಗ್ ಬಾಸ್‌ನಲ್ಲಿ ನೋಡಿ ಗುರುತು ಹಿಡಿದವರೇ ಹೆಚ್ಚು, 2019ರ ಡಾಕರ್‌ನಲ್ಲಿ 37ನೆಯವರಾಗಿ ಮುಗಿಸಿದವರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದರು. ಇವರ ವಿಡಿಯೋ ನೋಡಿಯೇ ನಮ್ಮ ಹುಡುಗರು ಕೆಸರಿಗಿಳಿಯುವುದು. ವಿಡಿಯೋದಲ್ಲಿ ಹಾರುವುದು ಕಾಣುತ್ತದೆ, ಹಿಂದೆ ನಿಂತ ಡಾಕ್ಟರು ಕಾಣುವುದಿಲ್ಲ. ಅವರ ಕಾಲಿನ ಬೂಟಿನ ಬೆಲೆ ನಮ್ಮಂಥ ಸ್ಟ್ರಿಂಜರನ ಒಂದು ತಿಂಗಳ ಸಂಪಾದನೆಗಿಂತ ಜಾಸ್ತಿ. ನಮ್ಮವರು ತೋಟದ ಗಮ್‌ಬೂಟು ಹಾಕಿ ಬರುತ್ತಾರೆ. ಅದರೊಳಗೆ ನೀರು ತುಂಬುತ್ತದೆ, ಇಂಬಳ ಸೇರುತ್ತದೆ, ಕಣಕಾಲಿಗೆ ರಕ್ಷಣೆ ಮಾತ್ರ ಸೊನ್ನೆ.

ಈಗ ಕರಾವಳಿಯ ಕಂಬಳಕ್ಕೆ ಬರೋಣ. ಅದೂ ಕೆಸರಿನ ಓಟವೇ. ಕೋಣಗಳಿಗೆ ಹಿಂಸೆಯಾಗುತ್ತದೆ ಎಂದು ಜನ ಕೋರ್ಟಿಗೆ ಹೋದರು, ಓಟ ನಿಂತಿತು, 2017ರಲ್ಲಿ ರಾಜ್ಯ ಕಾಯಿದೆಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕೋಣವನ್ನು ನೋಯಿಸದೆ ಓಡಿಸುವುದು ಹೇಗೆ ಎಂದು ಇಡೀ ರಾಜ್ಯ ವರ್ಷಗಟ್ಟಲೆ ಮಾತಾಡಿತು. ಮಾತಾಡಿದ್ದು ಒಳ್ಳೆಯದೇ ಆಯಿತು. ಕೆಸರಿನಲ್ಲಿ ಬೈಕ್ ಓಡಿಸುವ ಇಪ್ಪತ್ತರ ಹುಡುಗನ ಬಗ್ಗೆ ಒಂದು ಗ್ರಾಮಸಭೆಯಲ್ಲಾದರೂ ಮಾತು ಬಂದಿದೆಯೇ?

ನಿಯಮ ಇಲ್ಲವೆಂದಲ್ಲ. ದೇಶದ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐ ಇದೆ. ಅದರ ಪರ್ಮಿಟ್ ಪಡೆದ ರೇಸಿನಲ್ಲಿ ಓಡಿಸುವವನಿಗೆ ಸ್ಪರ್ಧಾ ಲೈಸೆನ್ಸ್ ಬೇಕು, ಹೆಲ್ಮೆಟ್ಟು, ಗಾಡಿ ಪರೀಕ್ಷೆಯಾಗಬೇಕು, ವೈದ್ಯರಿರಬೇಕು. ಹಳ್ಳಿಯ ಸಣ್ಣ ರೇಸುಗಳಲ್ಲಿ ಹೆಚ್ಚಿನವು ಆ ಬಾಗಿಲಿಗೆ ಹೋಗುವುದೇ ಇಲ್ಲ, ಖರ್ಚು ಜಾಸ್ತಿ ಎನ್ನುತ್ತಾರೆ. ಪೂರ್ತಿ ಹೋಗಲಾಗದಿದ್ದರೆ ಅರ್ಧವನ್ನಾದರೂ ಪಾಲಿಸಲಿ ಎಂಬುದು ನಮ್ಮ ವಾದ. ಪೊಲೀಸರಿಗೂ ಪಂಚಾಯಿತಿಗೂ ಮೊದಲೇ ತಿಳಿಸಲಿ. ತಂತಿ ಬೇಲಿ ಇರುವ ಕಡೆ ಟ್ರ್ಯಾಕ್ ಒಯ್ಯದಿರಲಿ. ಬೊಡ್ಡೆಗಳನ್ನು ಹಿಂದಿನ ದಿನವೇ ಕೀಳಿಸಲಿ, ತಿರುವಿನ ಮರಗಳಿಗೆ ಹಳೇ ಟೈರು ಕಟ್ಟಲಿ, ಇದಕ್ಕೆ ಯಾವ ಪರ್ಮಿಟ್ಟೂ ಬೇಡ.

ತೋಟದ ಮಾಲೀಕರು ಒಪ್ಪಿದರೆ ಸಾಲದು, ಟ್ರ್ಯಾಕ್ ಎಲ್ಲಿಯವರೆಗೆ ಹೋಗುತ್ತದೆ ನೋಡಿಕೊಳ್ಳಿ. ಮೀಸಲು ಅರಣ್ಯದ ಗಡಿಯೊಳಗೆ ನೂರು ಮೀಟರ್ ಹೋದರೂ ಕೇಸು ಬೀಳುವುದು ಓಡಿಸಿದವನ ಮೇಲೆ, ಗಾಡಿ ಜಪ್ತಿಯಾಗುವುದೂ ಅವನದೇ. ಆನೆ ಓಡಾಡುವ ಊರುಗಳಲ್ಲಿ ಸೈಲೆನ್ಸರ್ ಕಿತ್ತ ಗಾಡಿಗಳನ್ನು ದಿನವಿಡೀ ಕಿರುಚಿಸಿದರೆ ಸಂಜೆ ಅದರ ಫಲ ಉಣ್ಣುವವರು ಪಕ್ಕದ ಗದ್ದೆಯವರು. ಹಳ್ಳದೊಳಗೆ ಬೈಕ್ ಇಳಿಸುವುದು ಫೋಟೊಕ್ಕೆ ಚೆಂದ, ಕೆಳಗಿನ ಊರಿನವರು ಆ ನೀರು ಬಳಸುವವರಾದರೆ?

ಪ್ರಾಕ್ಟೀಸಿಗೆಂದು ಊರಿನ ರಸ್ತೆಯಲ್ಲಿ ಪೈಪೋಟಿಗೆ ಬಿಡುವವರಿಗೂ ಒಂದು ಮಾತು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯಿದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಮಗ ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ದಂಡ, 3 ವರ್ಷದವರೆಗೆ ಜೈಲು. ಇದನ್ನು ಹೆದರಿಸಲು ಹೇಳುತ್ತಿಲ್ಲ, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ ಅಂತ.

ಇಳಿಯುವುದಂತೂ ಇಳಿಯುತ್ತೀರಿ. ಸಾಲ ತೀರದ ಗಾಡಿ ಬೇಡ, ಮನೆಗೆ ಒಂದೇ ಗಾಡಿ ಇದ್ದರೆ ಅದೂ ಬೇಡ. ಮುಖ ಪೂರ್ತಿ ಮುಚ್ಚುವ ಐಎಸ್‌ಐ ಹೆಲ್ಮೆಟ್, ಮೊಣಕಾಲು ಗಾರ್ಡು ಸಾಲ ಮಾಡಿಯಾದರೂ ತಂದುಕೊಳ್ಳಿ, ಹೋದ ಸಲದ ಗೆಳೆಯನಿಂದ. ತರಚು ಗಾಯವಾದರೆ ಸೋಪು ಹಾಕಿ ತೊಳೆದು ಟಿಟಿ ಇಂಜೆಕ್ಷನ್ ವಿಚಾರಿಸಿ. ಇಲಿ ಮೂತ್ರ ಸೇರಿದ ಕೆಸರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ರೇಸಾಗಿ ವಾರ ಎರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡಿ, ಕೆಸರಿಗಿಳಿದಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಇನ್ನು ಸ್ಟಾರ್ಟಿಂಗ್ ಲೈನಿನಲ್ಲಿ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ಎಂಜಿನ್ ಶುರು ಮಾಡುವ ಮೊದಲು ಆಂಬ್ಯುಲೆನ್ಸ್ ಎಲ್ಲಿ ಅಂತ ಕೇಳಿ. ಗಾಯಾಳುವನ್ನು ಕರೆದೊಯ್ದಿದ್ದರೆ ಅದು ವಾಪಸ್ ಬರುವ ತನಕ ಸಾಲಿನಲ್ಲಿರುವ ಐದಾರು ಜನವೂ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಒಬ್ಬನೇ ಕೇಳಿದರೆ ಪುಕ್ಕಲ ಅಂತಾರೆ, ಆರು ಜನ ಕೇಳಿದರೆ ರೇಸೇ ನಡೆಯುವುದಿಲ್ಲ. ಸಹಿ ಹಾಕುವ ಹಾಳೆಯನ್ನು ನಾವು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದಿಟ್ಟಿದ್ದೇವೆ, ಸಂಘಟಕರ ಹೊಣೆಯನ್ನೂ ಸೇರಿಸಿ. ಪುಷ್ಯ ಮಳೆಗೆ ರೇಸ್ ಇಟ್ಟುಕೊಂಡಿರುವ ಸಂಘದವರು ಕೇಳಿದರೆ ಕಳಿಸಿಕೊಡುತ್ತೇವೆ, ದುಡ್ಡೇನೂ ಬೇಡ.