ಮಾಗಿ ಚಳಿಗೆ ಹುಳು ಮನೆ: ಬೆಚ್ಚಗಿರಬೇಕು, ಉಸಿರೂ ಆಡಬೇಕು

ನಮ್ಮ ದುದ್ದದ ಕಡೆ ನಾಲ್ಕು ದಿನದಿಂದ ಬೆಳಗಿನ ಹೊತ್ತು ಮಂಜು ಮುಸುಕ್ತಾ ಐತೆ. ನಿನ್ನೆ ಕೋಳಿ ಕೂಗೋ ಹೊತ್ತಿಗೆ ಥರ್ಮಾಮೀಟರ್ ನೋಡ್ದೆ. ಹೊರಗೆ 16 ಡಿಗ್ರಿ, ಹುಳು ಮನೆ ಒಳಗೆ 19. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬೇಕಾಗಿರೋದು 24ರಿಂದ 25. ಚಾಕಿ ಹುಳಕ್ಕಾದ್ರೆ 27-28.

ಚಳಿ ಬಂತು ಅಂದ್ರೆ ನಾವು ಮಾಡೋದು ಒಂದೇ ಕೆಲಸ. ಕಿಟಕಿಗೆಲ್ಲ ಟಾರ್ಪಲ್ ಹೊಡೆಯೋದು, ಬಾಂಡ್ಲಿ ತುಂಬಾ ಇದ್ದಿಲು ಕೆಂಡ ಇಡೋದು, ಬಾಗಿಲು ಹಾಕೋದು. ಇದು ತಪ್ಪು ಕಣ್ರಪ್ಪಾ. ಹೋದ ವರ್ಷ ನಾನೇ ಹಂಗೆ ಮಾಡಿ ಕೆಟ್ಟಿದ್ದೀನಿ, ಅದಕ್ಕೇ ಹೇಳ್ತಿರೋದು.

ಆಗ 100 ಮೊಟ್ಟೆ ಮೇಯಿಸ್ತಿದ್ದೆ. ಅವ್ವ ರಾತ್ರಿ ಸೊಪ್ಪು ಹಾಕಿ, ಬೆಚ್ಚಗಿದೆ ಅಂತ ಅಲ್ಲೇ ಮೂಲೇಲಿ ಚಾಪೆ ಹಾಸ್ಕೊಂಡು ಮಲಗಿದ್ಲು. ಮೂರು ಗಂಟೆಗೆ ಹೋಗಿ ಬಾಗಿಲು ತೆಗೆದ್ರೆ ತಲೆ ಹಿಡ್ಕೊಂಡು ವಾಂತಿ ಮಾಡ್ಕೊತಾ ಕೂತವ್ಳೆ. ಮಾತು ತೊದಲ್ತಾ ಇತ್ತು, ಎದ್ದು ನಿಲ್ಲೋಕೆ ಕಾಲಲ್ಲಿ ಶಕ್ತಿ ಇರಲಿಲ್ಲ. ಎತ್ಕೊಂಡು ಬಂದು ಜಗಲಿ ಮೇಲೆ ಕೂರಿಸಿ, ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ಕೆಂಡದ ಗಾಳಿ ಕುಡಿದಿದ್ದು ಅಂದ್ರು ಡಾಕ್ಟ್ರು. ಅವ್ವ ಉಳ್ಕೊಂಡ್ಲು, ಅದೇ ದೊಡ್ಡದು.

ಹೊಗೆ ಬರ್ತಿಲ್ಲ ಅಂದ್ರೆ ವಿಷ ಇಲ್ಲ ಅಂತ ಅಲ್ಲ. ಮುಚ್ಚಿದ ಕೋಣೇಲಿ ಕೆಂಡ ಉರಿದ್ರೆ ಕಾರ್ಬನ್ ಮೋನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಅದು ಹಿಡ್ಕೊಂಡ್ಬುಡುತ್ತೆ. ಮಲಗಿದೋರಿಗೆ ಗೊತ್ತೇ ಆಗಲ್ಲ.

ಹುಳಾನಾದ್ರೂ ಉಳೀತಾ? ಅದೂ ಇಲ್ಲ. ಬೆಳಗಿನ ಜಾವಕ್ಕೆ ಕೆಂಡ ಆರೋಯ್ತದೆ, ಚಳಿ ಮತ್ತೆ ಇಳೀತದೆ, ಆದ್ರೆ ಸೊಪ್ಪಿನ ನೀರು, ಹಿಕ್ಕೆ ತೇವ ಎಲ್ಲಾ ಒಳಗೇ ನಿಂತಿರ್ತದೆ. ತಣ್ಣಗೆ, ತೇವವಾಗಿ, ಗಾಳಿ ಆಡದೆ ಇದ್ರೆ ಸುಣ್ಣಕಟ್ಟು ರೋಗಕ್ಕೆ ಹಬ್ಬ. ಆ ವಾರದೊಳಗೆ ಹುಳ ಸತ್ತು ಸೆಟೆದು, ಸೀಮೆಸುಣ್ಣದ ತುಂಡಿನಂಗೆ ಬೆಳ್ಳಗಾದ್ವು. 60 ಕೆಜಿ ಗೂಡು ಎಣಿಸ್ಕೊಂಡಿದ್ದೋನು ರಾಮನಗರ ಮಾರ್ಕೆಟ್‌ಗೆ 28 ಕೆಜಿ ತಗೊಂಡೋದೆ.

ಈ ವರ್ಷ ಮಾಡಿರೋದು ಇಷ್ಟು. ಬಿಸಿ ಓಡೋಗೋದು ಕಿಟಕಿಯಿಂದ್ಲೇ ಅಂದ್ಕೊಂಡಿದ್ದೆ, ಬಿಸಿ ಗಾಳಿ ಮೇಲಕ್ಕೇರಿ ಶೀಟಿಗೆ ತಗುಲಿ ತಣ್ಣಗಾಗ್ತಿತ್ತು. ಅದಕ್ಕೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಗೊಬ್ಬರದ ಖಾಲಿ ಚೀಲ ತೊಳೆದು ಹೊಲಿದು ಅಡ್ಡ ಕಟ್ಟಿದ್ದೀನಿ. ಬಡಗಣ ಗಾಳಿ ನುಗ್ಗೋ ಕಿಟಕಿ ಮುಚ್ಚಿ, ಎದುರುಗೋಡೆ ಮೇಲಿನ ಗಿಂಡಿ ತೆಗೆದಿಟ್ಟು, ಊಜಿ ನೊಣಕ್ಕೆ ಬಲೆ ಹಾಕಿದ್ದೀನಿ. ಬಿಸಿಲು ಬಂದ ಮೇಲೆ ಎಲ್ಲಾ ಕಿಟಕಿ ತೆಗೀತೀನಿ, ಸಂಜೆ ಬಿಸಿಲಿಳಿಯೋ ಮುಂಚೆ ಹಾಕ್ತೀನಿ. ಇಬ್ಬನಿ ಆರದೆ ಸೊಪ್ಪು ಕುಯ್ಯಲ್ಲ. ಹುಳ ಜ್ವರಕ್ಕೆ ಕೂತಾಗ ಒಣ ಸುಣ್ಣದ ಪುಡಿ ಉದುರಿಸ್ತೀನಿ. ಕೆಂಡದ ಬದಲು ಹೀಟರ್ ಹಾಕ್ತೀನಿ, ಬೆಳಗಿನ ಜಾವ ಮಾತ್ರ.

ಪಕ್ಕದ ಹೊಲದ ಅಣ್ಣ ಕೇಳ್ದ, "ಕರೆಂಟ್ ಬಿಲ್ ಯಾರಪ್ಪಾ ಕಟ್ಟೋರು?" ಅಂತ. ಮಾತು ನ್ಯಾಯವೇ. 2 ಕಿಲೋವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತೆ. ಕರೆಂಟು ಹೋದ್ರೆ ಅದೂ ಇಲ್ಲ. ಕೆಂಡ ಇಡಲೇಬೇಕಾದ್ರೆ ಇಡಿ, ಬೇಡ ಅನ್ನಲ್ಲ. ಗಿಂಡಿ ತೆಗೆದಿರ್ಲಿ, ಎಚ್ಚರವಾಗಿರೋರು ಒಬ್ರು ನೋಡ್ಕೊತಾ ಇರ್ಲಿ, ಗರಿ ಚೀಲಕ್ಕೆ ಕಿಡಿ ತಾಗದಂಗೆ ದೂರ ಇರ್ಲಿ. ಆ ಕೋಣೇಲಿ ಮಾತ್ರ ಯಾರೂ ಮಲಗಬೇಡಿ. ಮಲಗೋ ಮನೇಲೇ ಹುಳ ಮೇಯಿಸೋರು ನಮ್ಮಲ್ಲಿ ಇನ್ನೂ ಅವ್ರೆ. ಅವರಿಗೆ ಈ ಮಾತು ಇನ್ನೂ ಹೆಚ್ಚು.

ಒಂದು ಬೆಳೆ ಹೋದ್ರೆ ಇನ್ನೊಂದು ಚಾಕಿ ತರಬಹುದು. ರಾತ್ರಿ ಸೊಪ್ಪು ಹಾಕೋ ಕೈ ನಮ್ಮ ಅವ್ವಂದಿರು, ಹೆಂಡ್ತಿ ಮಕ್ಕಳದ್ದು. ಅವರನ್ನ ಎಲ್ಲಿಂದ ತರಾನ?

ನಿಮ್ಮ ಹುಳು ಮನೇಲಿ ಚಳಿಗೆ ಏನು ಮಾಡಿದ್ದೀರಿ, ಕೆಳಗೆ ಬರೀರಿ. ನಮಗೂ ಕಲ್ತಂಗಾಯ್ತದೆ.