ಕೊನೆಯ ಸಲ ಕುಡಿದದ್ದು ಯಾವಾಗ?

ಮಕ್ಕಳೇ, ಪಕ್ಕದಲ್ಲಿ ಕೂತು ಓದಿಸಿಕೊಳ್ಳುತ್ತಿರುವ ಅಜ್ಜ ಅಜ್ಜಿಯರೇ,

ಕುಡಿತ ಬಿಡುವುದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನವೂ ತುಂಬಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಈ ವಾರ ಅದರ ಮಾತು.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ಮಿದುಳು ಅದಕ್ಕೆ ಎದುರಾಗಿ ಇನ್ನಷ್ಟು ಜೋರಾಗಿ ಕೆಲಸ ಮಾಡುತ್ತದೆ. ಹಗ್ಗ ಜಗ್ಗಾಟದಲ್ಲಿ ಆ ಕಡೆಯವರು ತಟ್ಟನೆ ಕೈಬಿಟ್ಟರೆ ಈ ಕಡೆಯವರು ಬೀಳುತ್ತಾರಲ್ಲ, ಹಾಗೆ ಮದ್ಯ ನಿಂತಾಗ ಮಿದುಳು ಹತೋಟಿ ತಪ್ಪುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಬುದ್ಧಿಭ್ರಮೆ. ಇದಕ್ಕೆ 1813ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್ ‘ಡಿಲಿರಿಯಮ್ ಟ್ರೆಮೆನ್ಸ್’ ಎಂದು ಹೆಸರಿಟ್ಟರು.

ಮೊದಲೇ ಮನೋರೋಗ ಇದ್ದವರಲ್ಲಿ ಇದನ್ನು ಗುರುತಿಸುವುದು ಕಷ್ಟ. ನಾನು ಮನೋರೋಗ ವಾರ್ಡಿನಲ್ಲಿದ್ದಾಗ, ದಾಖಲಾಗಿದ್ದ ಒಬ್ಬರು ಮೂರನೆಯ ದಿನ ಸಂಜೆ ಹಾಸಿಗೆಯಿಂದ ಇಲ್ಲದ ಇರುವೆಗಳನ್ನು ಕೊಡವತೊಡಗಿದರು. ‘ಹಳೇ ಕಾಯಿಲೆ ಕೆರಳಿತು’ ಎಂದರು ಅವರ ತಮ್ಮ. ‘ಗಾಳಿ ಸೋಕಿದೆ’ ಎಂದರು ತಾಯಿ. ಏಳನೇ ಕ್ಲಾಸಿನ ಮಗಳು ಮಾತ್ರ, ‘ಅಪ್ಪ ದಿನಾ ಕುಡೀತಿದ್ರು. ಇಲ್ಲಿಗೆ ಬಂದ ಮೇಲೆ ಕುಡಿದಿಲ್ಲ’ ಅಂದಳು. ಕೂಡಲೇ ಚಿಕಿತ್ಸೆ ಬದಲಾಯಿತು. ವಾರದೊಳಗೆ ಅವರು ಅವಳನ್ನು ಹೆಸರು ಹಿಡಿದು ಕರೆದರು.

ವ್ಯತ್ಯಾಸ ಹೀಗಿದೆ. ಮನೋರೋಗದಲ್ಲಿ ಸಾಮಾನ್ಯವಾಗಿ ಇಲ್ಲದ ದನಿ ಕೇಳಿಸುತ್ತದೆ. ಆದರೂ ಇವತ್ತು ಯಾವ ವಾರ, ತಾನೆಲ್ಲಿದ್ದೇನೆ ಎಂಬುದು ಗೊತ್ತಿರುತ್ತದೆ. ಮದ್ಯ ನಿಂತ ಭ್ರಮೆಯಲ್ಲಿ ಹುಳು, ಇಲಿ ಕಾಣಿಸಬಹುದು. ವಾರ, ಜಾಗ ತಿಳಿಯುವುದಿಲ್ಲ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಡವಗುಟ್ಟುತ್ತದೆ, ಜ್ವರವೂ ಬರಬಹುದು. ರಾತ್ರಿ ಇದೆಲ್ಲ ಹೆಚ್ಚು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಮುಚ್ಚಿದಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥವರು ಹೆಚ್ಚಾಗಿ ಬಂದರು.

ಈ ಲಕ್ಷಣ ಕಂಡರೆ ಹಿರಿಯರು ತಾಯತ ಹುಡುಕುತ್ತಾ ಕೂರಬೇಡಿ, ಕಟ್ಟಿಹಾಕಬೇಡಿ, ಒಬ್ಬರನ್ನೇ ಬಿಡಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಔಷಧಿ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಕುಡಿತ ಬಿಡಬೇಕೆನ್ನುವವರು ಮೊದಲೇ ವೈದ್ಯರನ್ನು ಕಾಣಲಿ. ಟೆಲಿ ಮಾನಸ್‌ನ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಮಕ್ಕಳೇ, ನೀವು ಹತ್ತಿರ ಹೋಗಿ ಹಿಡಿಯಬೇಡಿ, ದೊಡ್ಡವರನ್ನು ಕರೆಯಿರಿ. ಡಾಕ್ಟರು ‘ಕೊನೆಯ ಸಲ ಕುಡಿದದ್ದು ಯಾವಾಗ?’ ಎಂದು ಕೇಳಿದರೆ ಗೊತ್ತಿದ್ದದ್ದನ್ನು ಹೇಳಿಬಿಡಿ. ಅದು ಚಾಡಿಯಲ್ಲ, ಮನೆಯ ಮಾನ ಕಳೆಯುವ ಮಾತೂ ಅಲ್ಲ. ಜೀವ ಉಳಿಸುವ ಮಾತು.