ಜನ ಎಣಿಸುವುದೂ ಒಂದು ಕೆಲಸವಾ?

ಕಳೆದ ಭಾನುವಾರ ಇಲ್ಲೇ ಡೊಂಬಿವಲಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟಕ್ಕೆ ಕೂತಾಗ ಅವರ ಮಗಳ ಸುದ್ದಿ ಬಂತು. ಹುಡುಗಿ ದೇವನಾರಿನ ಜನಸಂಖ್ಯಾ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿದ್ದಾಳೆ. ಈಗ ನೈರೋಬಿಯಲ್ಲಿ ಎರಡು ವರ್ಷದ ಸಂಶೋಧನೆಯ ಕೆಲಸ ಸಿಕ್ಕಿದೆ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವೇ ಜಾಸ್ತಿ ಇತ್ತು. ಯಾಕೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಯಿತು.

“ಆಫ್ರಿಕಾಕ್ಕಾ? ಅಮೇರಿಕಾದಲ್ಲಿ ಎಂಥದೂ ಸಿಗ್ಲಿಲ್ವಾ ಮಾರಾಯ್ರೆ?” ಅಂದರು ಒಬ್ಬರು.

“ಜನ ಲೆಕ್ಕ ಮಾಡ್ಲಿಕ್ಕೆ ಡಾಕ್ಟರೇಟು ಯಾಕೆ? ನಮ್ಮಲ್ಲಿ ಶಾಲೆ ಮಾಸ್ಟ್ರುಗಳು ಮಾಡುದಿಲ್ವಾ?” ಅಂದರು ಇನ್ನೊಬ್ಬರು.

ಮೂರನೆಯವರು ಎಲ್ಲರನ್ನೂ ಮೀರಿಸಿದರು. “ಅಲ್ಲಿ ಲೆಕ್ಕ ಮಾಡಿ ಮುಗಿಯುದುಂಟಾ? ಇವಳು ಒಂದು ಮನೆ ಬರೆದು ಹೊರಗೆ ಬರುವಾಗ ಒಳಗೆ ಇನ್ನೊಂದು ಹುಟ್ಟಿರ್ತದೆ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಾಯಸ ಬಡಿಸುತ್ತಿದ್ದರು, ನಾನೂ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಅನ್ನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಶಾಸ್ತ್ರ ಓದಿದವನಲ್ಲ. ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೆ ಈ ಹುಡುಗಿ ಎರಡು ವರ್ಷದ ಹಿಂದೆ ಓದಲಿಕ್ಕೆ ಕೊಟ್ಟ ಕೆಲವು ಲೇಖನಗಳಿಂದ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ಲೆಕ್ಕ ಅಂದರೆ ಏನು, ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದು ಬ್ಯಾಂಕಿನವನಿಗೆ ಅಷ್ಟಿಷ್ಟು ಗೊತ್ತಿರುತ್ತದಲ್ಲ?

ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಬದುಕಿದ್ದೇವೆ ಎಂದು ತೋರಿಸಲು ನಮ್ಮ ಕೌಂಟರಿಗೆ ಬರುತ್ತಾರೆ. ಯಾರಾದರೂ ತೀರಿಕೊಂಡರೆ ಮನೆಯವರು ಮರಣ ಪ್ರಮಾಣಪತ್ರ ತರುತ್ತಾರೆ. ಅದಿಲ್ಲದೆ ನಾವು ಒಂದು ರೂಪಾಯಿ ಕೊಡುವುದಿಲ್ಲ. ಈಗ ಒಂದು ಜಿಲ್ಲೆಯನ್ನು ಊಹಿಸಿಕೊಳ್ಳಿ. ಅಲ್ಲಿ ಸತ್ತವರಿಗೆ ಕಾಗದವೇ ಇಲ್ಲ. ಡಾಕ್ಟರು ನೋಡಿಲ್ಲ, ಯಾವ ಕಾಯಿಲೆ ಅಂತ ಯಾರೂ ಬರೆದಿಲ್ಲ. ಮನೆಯ ಹಿಂದೆ ಮಣ್ಣು ಮಾಡಿದರು, ಮುಗಿಯಿತು. ಸಹಾರಾದಿಂದ ಕೆಳಗಿನ ಆಫ್ರಿಕಾದ ಬಹುಭಾಗದಲ್ಲಿ ಸಾವು ಇವತ್ತಿಗೂ ಹೀಗೆಯೇ ದಾಖಲೆ ಇಲ್ಲದೆ ಹೋಗುತ್ತದೆ. ಅಲ್ಲಿ ಯಾರು ಯಾತಕ್ಕೆ ಸತ್ತರು ಎಂದು ಕಂಡುಹಿಡಿಯುವುದೇ ಈ ಹುಡುಗಿ ಮಾಡಹೊರಟ ಕೆಲಸ. ಶಾಲೆ ಮಾಸ್ಟ್ರು ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದಲ್ಲಿ, ಮೊಜಾಂಬಿಕ್ ಗಡಿಗೆ ಹತ್ತಿರ, ಅಜಿನ್‌ಕೋರ್ಟ್ ಎಂಬ ಪ್ರದೇಶವಿದೆ. ವರ್ಣಭೇದದ ಸರ್ಕಾರ ಕರಿಯರನ್ನು ತಳ್ಳಿದ್ದ ‘ಹೋಮ್‌ಲ್ಯಾಂಡ್’ಗಳಲ್ಲಿ ಸೇರಿದ್ದ ಜಾಗ. ಮೊಜಾಂಬಿಕ್ ಅಂತರ್ಯುದ್ಧದಿಂದ ಓಡಿ ಬಂದವರೂ ಅಲ್ಲಿ ತುಂಬಿದ್ದರು. ಅವರ ಹುಟ್ಟು ಸಾವಿನ ಸರಿಯಾದ ಲೆಕ್ಕ ಯಾರಿಗೂ ಬೇಕಿರಲಿಲ್ಲ. 1992ರಲ್ಲಿ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ ಸ್ಟೀಫನ್ ಟೋಲ್‌ಮನ್, ಕ್ಯಾಥ್ಲೀನ್ ಕಾನ್ ಮತ್ತು ಅವರ ತಂಡ ಅಲ್ಲಿಯ 20 ಹಳ್ಳಿಗಳಲ್ಲಿ ಸುಮಾರು 57 ಸಾವಿರ ಜನರನ್ನು ಮನೆಮನೆಗೆ ಹೋಗಿ ಬರೆದುಕೊಂಡಿತು. ಆಮೇಲೆ ವರ್ಷವರ್ಷವೂ ಅದೇ ಮನೆಗಳಿಗೆ ಹೋದರು. ಯಾರು ಹುಟ್ಟಿದರು, ಯಾರು ಹೋದರು, ಯಾರು ಜೋಹಾನ್ಸ್‌ಬರ್ಗಿಗೆ ದುಡಿಯಲು ಹೋದರು, ಯಾರು ಕಾಯಿಲೆ ಹಿಡಿದು ಹಿಂತಿರುಗಿದರು... ಇದು ಮೂವತ್ತು ವರ್ಷ ದಾಟಿ ನಡೆದಿದೆ.

ಸಾವು ಆದ ಮನೆಯಲ್ಲಿ ಅದೇ ಊರಿನ ಭಾಷೆ ಬಲ್ಲ ಕಾರ್ಯಕರ್ತೆ ಕೂತು ಕೇಳುತ್ತಾಳೆ. ಜ್ವರ ಎಷ್ಟು ದಿನ ಇತ್ತು? ಕೆಮ್ಮು ಇತ್ತಾ? ತೂಕ ಇಳಿದಿತ್ತಾ? ಮಗ ಸತ್ತ ತಾಯಿಯ ಹತ್ತಿರ ಇದನ್ನು ಕೇಳಬೇಕು, ಅವಳು ಅತ್ತರೆ ಕಾಯಬೇಕು. ಆ ಉತ್ತರಗಳನ್ನು ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಓದಿ ಕಾರಣ ಬರೆಯುತ್ತಾರೆ. ಹೊಂದದಿದ್ದರೆ ಮೂರನೆಯವರು ನೋಡುತ್ತಾರೆ. ‘ವರ್ಬಲ್ ಅಟಾಪ್ಸಿ’ ಅನ್ನುತ್ತಾರೆ ಇದಕ್ಕೆ. ನಮ್ಮ ಬ್ಯಾಂಕಿನ ಎರಡು ಸಹಿ ಪದ್ಧತಿಯೇ ಅನ್ನಿ!

ಈ ಲೆಕ್ಕದಲ್ಲಿ ಏನು ಹೊರಬಂತು ಗೊತ್ತಾ? ಸ್ವಾತಂತ್ರ್ಯ ಬಂತು, ಮಂಡೇಲಾ ಬಂದರು, ಜನರ ಆಯುಷ್ಯ ಏರಬೇಕಿತ್ತು. 1992ರಿಂದ 2005ರೊಳಗೆ ಅಲ್ಲಿಯ ಹೆಂಗಸರ ಸರಾಸರಿ ಆಯುಷ್ಯ 12 ವರ್ಷ, ಗಂಡಸರದು 14 ವರ್ಷ ಕುಸಿದಿತ್ತು. ಕಾರಣ ಏಡ್ಸ್.

ಅದೇ ಹೊತ್ತಿಗೆ ಆ ದೇಶದ ಅಧ್ಯಕ್ಷ ಥಾಬೋ ಎಂಬೆಕಿ, ಏಡ್ಸ್‌ಗೆ ಎಚ್‌ಐವಿಯೇ ಕಾರಣವಾ ಎಂದು ಪ್ರಶ್ನೆ ಎತ್ತಿಕೊಂಡು ಕೂತಿದ್ದರು. 2001ರಲ್ಲಿ ಆರೋಗ್ಯ ಸಚಿವೆಗೆ ಪತ್ರ ಬರೆದು, 1995ರ ಹಳೆಯ ಅಂಕಿಅಂಶ ತೋರಿಸಿ, ಏಡ್ಸ್‌ನಿಂದ ಸಾಯುವವರು ಅಷ್ಟೇನೂ ಇಲ್ಲ ಎಂಬ ಅರ್ಥದ ಮಾತಾಡಿದರು. ಆಗ ಅವರಿಗೆ ಎದುರಾಗಿ ನಿಂತದ್ದು ಲೆಕ್ಕದವರು. ಆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಡೆಬೋರಾ ಬ್ರಾಡ್‌ಶಾ, ಕೇಪ್‌ಟೌನ್ ವಿಶ್ವವಿದ್ಯಾಲಯದ ರಾಬ್ ಡಾರಿಂಗ್ಟನ್ ಮತ್ತು ಜೊತೆಯವರು ಸಾವಿನ ನೋಂದಣಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. ಇಪ್ಪತ್ತರ ಹರೆಯದ ಹೆಣ್ಣುಮಕ್ಕಳು ಸಾಯುತ್ತಿದ್ದರು. ಸಾಯುವ ವಯಸ್ಸೇ ಅಲ್ಲ ಅದು. 2000ನೇ ಇಸವಿಯಲ್ಲಿ 15ರಿಂದ 49 ವಯಸ್ಸಿನವರ ಸಾವುಗಳಲ್ಲಿ ಸುಮಾರು ಶೇ. 40 ಏಡ್ಸ್‌ನಿಂದ ಎಂದು ವರದಿ ಹೇಳಿತು. ಸರ್ಕಾರ ಅದನ್ನು ತಡೆಹಿಡಿಯಲು ನೋಡಿತು, ವರದಿ ಪತ್ರಿಕೆಗಳಿಗೆ ಸೋರಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಯೋಜನೆ ಶುರುವಾದದ್ದು 2004ರಲ್ಲಿ. ಔಷಧಿ ತಡವಾದದ್ದರಿಂದ 3 ಲಕ್ಷ 30 ಸಾವಿರಕ್ಕೂ ಹೆಚ್ಚು ಜೀವ ಹೋಯಿತು ಎಂದು 2008ರಲ್ಲಿ ಹಾರ್ವರ್ಡಿನವರು ಅಂದಾಜು ಮಾಡಿದರು.

ಪಾಯಸ ಉಣ್ಣುತ್ತಾ ನಕ್ಕವರೇ, ಈಗ ಹೇಳಿ. ಇದು ತಲೆ ಎಣಿಸುವ ಗುಮಾಸ್ತಗಿರಿಯಾ?

ಇನ್ನು ಹುಡುಗಿ ಹೋಗುತ್ತಿರುವ ನೈರೋಬಿಯ ಮಾತು. ನಗರದ ಮಕ್ಕಳು ಹಳ್ಳಿಯ ಮಕ್ಕಳಿಗಿಂತ ಸುಖಿ ಅಂತ ಎಲ್ಲರೂ ನಂಬಿದ್ದರು. ಲೆಕ್ಕವೂ ಹಾಗೇ ಇತ್ತು. ನೈರೋಬಿಯಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷದೊಳಗೆ ಸಾಯುವವರು ಸುಮಾರು 62, ಹಳ್ಳಿಗಳಲ್ಲಿ ಸುಮಾರು 113. ಅಲ್ಲಿಯ ಆಫ್ರಿಕನ್ ಪಾಪ್ಯುಲೇಷನ್ ಅಂಡ್ ಹೆಲ್ತ್ ರಿಸರ್ಚ್ ಸೆಂಟರ್‌ನವರು 2000ದಲ್ಲಿ ಜೋಪಡಪಟ್ಟಿಗಳನ್ನೇ ಬೇರೆಯಾಗಿ ಸಮೀಕ್ಷೆ ಮಾಡಿದರು. ಸಂಖ್ಯೆ 151 ಬಂತು. ಹಳ್ಳಿಗಿಂತಲೂ ಕೆಟ್ಟ ಸ್ಥಿತಿ! ನಗರದ ಸರಾಸರಿಯೊಳಗೆ ಆ ಮಕ್ಕಳು ಮುಚ್ಚಿಹೋಗಿದ್ದರು. ಧಾರಾವಿಯನ್ನೂ ಮಲಬಾರ್ ಹಿಲ್ಲನ್ನೂ ಕೂಡಿಸಿ ಸರಾಸರಿ ತೆಗೆದು, ಮುಂಬಯಿಗರೆಲ್ಲ ಚೆನ್ನಾಗಿದ್ದಾರೆ ಅಂದರೆ ನೀವು ಒಪ್ಪುತ್ತೀರಾ? ಆಮೇಲೆ ಅವರು ಕೊರೊಗೊಚೊ, ವಿವಾಂಡಾನಿ ಎಂಬ ಎರಡು ಕೊಳೆಗೇರಿಗಳಲ್ಲಿ ಮನೆಮನೆಯ ಲೆಕ್ಕ ವರ್ಷಗಟ್ಟಲೆ ಇಟ್ಟರು.

‘ಲೆಕ್ಕದಿಂದ ಹೊಟ್ಟೆ ತುಂಬುತ್ತದಾ? ಆ ದುಡ್ಡಲ್ಲಿ ಔಷಧಿಯೇ ಕೊಡಬಹುದಲ್ಲ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಆದರೆ ಯಾವ ಔಷಧಿ ಕೊಡುತ್ತೀರಿ? ಉತ್ತರ ಘಾನಾದ ನವ್ರೊಂಗೊದಲ್ಲಿ ಔಷಧಿ ಲೇಪಿಸಿದ ಸೊಳ್ಳೆಪರದೆ ಕೊಟ್ಟು, ಕೊಟ್ಟ ಊರು ಕೊಡದ ಊರು ಎರಡರಲ್ಲೂ ಮಕ್ಕಳ ಸಾವು ಎಣಿಸಿದರು. ಫ್ರೆಡ್ ಬಿಂಕಾ ಎಂಬ ಘಾನಾದ ಡಾಕ್ಟರ ತಂಡ 1996ರಲ್ಲಿ ಫಲಿತಾಂಶ ಪ್ರಕಟಿಸಿತು. ಪರದೆ ಕೊಟ್ಟಲ್ಲಿ ಮಕ್ಕಳ ಸಾವು ಶೇ. 17 ಇಳಿದಿತ್ತು. ಇಂಥ ಕೆಲವು ಲೆಕ್ಕಗಳ ಆಧಾರದ ಮೇಲೆಯೇ ಮುಂದೆ ಆಫ್ರಿಕಾದಲ್ಲಿ ಕೋಟಿಗಟ್ಟಲೆ ಪರದೆ ಹಂಚಿದ್ದು. ಮನೆಮನೆಯ ಪುಸ್ತಕ ಇಲ್ಲದಿದ್ದರೆ ಆ 17 ಎಲ್ಲಿಂದ ಬರಬೇಕು?

ಇನ್ನು ಮೂರನೆಯವರ ಜೋಕು. ಕೀನ್ಯಾದ ಹೆಂಗಸು 1970ರ ದಶಕದ ಕೊನೆಯಲ್ಲಿ ಸರಾಸರಿ 8 ಮಕ್ಕಳನ್ನು ಹೆರುತ್ತಿದ್ದಳು, ನಿಜ. 2022ರ ಸಮೀಕ್ಷೆಯಲ್ಲಿ ಅದು 3.4. ನಮ್ಮ ಅಜ್ಜಿಯಂದಿರು ಎಷ್ಟು ಹೆತ್ತಿದ್ದರು ಸ್ವಾಮಿ? ನನ್ನ ಅಜ್ಜಿ ಒಂಬತ್ತು ಹೆತ್ತು ಐದು ಉಳಿಸಿಕೊಂಡವಳು. ಅವಳನ್ನು ಕುರಿತು ಯಾರಾದರೂ ಪಂಕ್ತಿಯಲ್ಲಿ ಕೂತು ಹೀಗೆ ನಕ್ಕಿದ್ದರೆ ನಮಗೆ ಹೇಗಾಗುತ್ತಿತ್ತು?

ನಮಗೂ ಅವರಿಗೂ ಸಂಬಂಧವೇ ಇಲ್ಲ ಎನ್ನುವವರಿಗೆ ಇನ್ನೊಂದು ಮಾತು. ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್ 1960ರ ದಶಕದಲ್ಲಿ ಘಾನಾದಲ್ಲಿ, ಆಮೇಲೆ ನೈಜೀರಿಯಾದಲ್ಲಿ ಕೆಲಸ ಮಾಡಿದವರು. ತಾಯಿ ಶಾಲೆ ಕಲಿತಿದ್ದರೆ ಮಗು ಬದುಕುವ ಸಾಧ್ಯತೆ ಹೆಚ್ಚು, ಗಂಡನ ಉದ್ಯೋಗ ಸ್ಥಿತಿಗತಿ ಲೆಕ್ಕಕ್ಕೆ ತಗೊಂಡರೂ ಈ ವ್ಯತ್ಯಾಸ ಉಳಿಯುತ್ತದೆ ಎಂದು 1979ರಲ್ಲಿ ನೈಜೀರಿಯಾದ ಅಂಕಿಗಳಿಂದ ತೋರಿಸಿದರು. ಅದೇ ಮನುಷ್ಯ ಅಲ್ಲಿಂದ ಎಲ್ಲಿಗೆ ಬಂದರು ಗೊತ್ತಾ? ನಮ್ಮ ಕರ್ನಾಟಕದ ಹಳ್ಳಿಗಳಿಗೆ! ಬೆಂಗಳೂರಿನ ಪಾಪ್ಯುಲೇಷನ್ ಸೆಂಟರಿನ ಪಿ. ಎಚ್. ರೆಡ್ಡಿ ಮತ್ತು ಹೆಂಡತಿ ಪ್ಯಾಟ್ ಕಾಲ್ಡ್‌ವೆಲ್ ಜೊತೆ ನಡೆಸಿದ ಆ ಅಧ್ಯಯನ 1988ರಲ್ಲಿ ಪುಸ್ತಕವಾಯಿತು. ಇಬಾದಾನ್‌ನಲ್ಲಿ ಹುಟ್ಟಿದ ಪ್ರಶ್ನೆಗಳನ್ನು ನಮ್ಮ ಹಳ್ಳಿಯ ಹೆಂಗಸರಿಗೂ ಕೇಳಿದರು. ಈಗ ಇಲ್ಲಿಂದ ಒಬ್ಬಳು ಅಲ್ಲಿಗೆ ಹೋದರೆ ನಗುವಂಥದ್ದೇನಿದೆ?

ಇಷ್ಟಾದ ಮೇಲೆ ನನ್ನ ನಿಜವಾದ ಸಿಟ್ಟು ಯಾರ ಮೇಲೆ ಅಂತ ಹೇಳುತ್ತೇನೆ. ಪಂಕ್ತಿಯಲ್ಲಿ ನಕ್ಕವರಿಗೆ ಗೊತ್ತಿರಲಿಲ್ಲ, ಬಿಡಿ. ಗೊತ್ತಿದ್ದೂ ದುಡ್ಡು ಬಿಚ್ಚದವರ ಮೇಲೆ ಸಿಟ್ಟು.

ಆಫ್ರಿಕಾದಲ್ಲಿ ಈ ಕೆಲಸ ಮಾಡುವವರ ವೃತ್ತಿಜೀವನ ಹೇಗಿರುತ್ತದೆ ನೋಡಿ. ಎರಡು ವರ್ಷದ ಕರಾರು, ಮೂರು ವರ್ಷದ ಪ್ರಾಜೆಕ್ಟು. ಹಣ ಲಂಡನ್, ವಾಷಿಂಗ್ಟನ್, ಸಿಯಾಟಲ್‌ನಿಂದ ಬರಬೇಕು. ಹಣ ಕೊಟ್ಟವರ ಪ್ರಶ್ನೆಯೇ ಪ್ರಶ್ನೆ. ಬಿಸಿಲಲ್ಲಿ ಮನೆಮನೆ ತಿರುಗಿ ಮಾಹಿತಿ ತಂದವರ ಹೆಸರು ಪ್ರಬಂಧದ ನಡುವೆ ಎಲ್ಲೋ ಇರುತ್ತದೆ. ಮೊದಲ ಹೆಸರೂ ಕೊನೆಯ ಹೆಸರೂ ಎಷ್ಟೋ ಸಲ ಸಾವಿರಾರು ಮೈಲಿ ದೂರದಲ್ಲಿ ಕೂತವರದು. ಡೇ ಬುಕ್ ಬರೆದವರು ಒಬ್ಬರು, ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದವರು ಇನ್ನೊಬ್ಬರು!

ಇದನ್ನು ಬದಲಿಸಲು ಹೆಣಗಿದವರೂ ಇದ್ದಾರೆ. ನೈರೋಬಿಯ ಆ ಕೇಂದ್ರ 1995ರಲ್ಲಿ ಅಮೇರಿಕಾದ ಪಾಪ್ಯುಲೇಷನ್ ಕೌನ್ಸಿಲ್‌ನ ಒಂದು ಫೆಲೋಶಿಪ್ ಯೋಜನೆಯಾಗಿ ಹುಟ್ಟಿತು. 2001ರಲ್ಲಿ ಸ್ವತಂತ್ರವಾಯಿತು. ನೈಜೀರಿಯಾದ ಅಲೆಕ್ಸ್ ಎಜೆ 2017ರವರೆಗೆ ಅದನ್ನು ನಡೆಸಿದರು. 2008ರಲ್ಲಿ ಅವರೂ ವಿಟ್‌ವಾಟರ್ಸ್‌ರ್ಯಾಂಡಿನವರೂ ಸೇರಿ ‘ಕಾರ್ಟಾ’ ಎಂಬ ಒಕ್ಕೂಟ ಕಟ್ಟಿ, ಆಫ್ರಿಕಾದ ಅಧ್ಯಾಪಕರು ಆಫ್ರಿಕಾದಲ್ಲೇ ಪಿಎಚ್.ಡಿ. ಮಾಡುವಂತೆ ದಾರಿ ಮಾಡಿದರು. ಆದರೆ ಇವಕ್ಕೂ ದೊಡ್ಡ ಪಾಲಿನ ಹಣ ಹೊರಗಿನದೇ.

ಸಾಲದ ದುಡ್ಡಲ್ಲಿ ನಡೆಯುವ ಅಂಗಡಿಯ ಕಥೆ ಬ್ಯಾಂಕಿನವನಿಗೆ ಹೊಸದಲ್ಲ. 1984ರಿಂದ ಅಮೇರಿಕಾ ಸರ್ಕಾರದ ಹಣದಲ್ಲಿ ಡಿಎಚ್‌ಎಸ್ ಎಂಬ ಸಮೀಕ್ಷೆ 90 ದೇಶಗಳಲ್ಲಿ ನಡೆದಿತ್ತು. ತಾಯಂದಿರ ಸಾವು, ಮಕ್ಕಳ ಸಾವು, ಲಸಿಕೆ... ಆಫ್ರಿಕಾದ ಎಷ್ಟೋ ದೇಶಗಳಿಗೆ ನಂಬುವಂಥ ಅಂಕಿ ಅಂತ ಇದ್ದದ್ದು ಅದೊಂದೇ. 2025ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಅದನ್ನು ನಿಲ್ಲಿಸಿತು. ಅರ್ಧ ನಡೆದ ಸಮೀಕ್ಷೆಗಳೂ ಅಲ್ಲಲ್ಲೇ ನಿಂತವು. ಆಮೇಲೆ ಗೇಟ್ಸ್ ಫೌಂಡೇಷನ್ ತಾತ್ಕಾಲಿಕವಾಗಿ ಕೈಹಿಡಿಯಿತು. ಒಬ್ಬ ದಾನಿ ಬಿಟ್ಟ, ಇನ್ನೊಬ್ಬ ಹಿಡಿದ!

ದಾನಿಯನ್ನು ಬೈದರೆ ಸಾಕಾ? 2001ರಲ್ಲಿ ಆಫ್ರಿಕಾದ ನಾಯಕರೆಲ್ಲ ಅಬುಜಾದಲ್ಲಿ ಸೇರಿ ಬಜೆಟ್ಟಿನ ಶೇ. 15 ಆರೋಗ್ಯಕ್ಕೆ ಎಂದು ಮಾತು ಕೊಟ್ಟರು. ಉಳಿಸಿಕೊಂಡವರು ಬೆರಳೆಣಿಕೆ. ನೈಜೀರಿಯಾದಲ್ಲಿ ಕೊನೆಯ ಜನಗಣತಿ ನಡೆದದ್ದು 2006ರಲ್ಲಿ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 1984ರಲ್ಲಿ. ಎಣಿಸಿದರೆ ಯಾವ ಪ್ರಾಂತ್ಯಕ್ಕೆ ಎಷ್ಟು ಸೀಟು, ಎಷ್ಟು ದುಡ್ಡು ಎಂಬ ಜಗಳ ಎದ್ದೇಳುತ್ತದೆ. ಹಾಗಾಗಿ ಎಣಿಸದೆ ಇರುವುದೇ ಕೆಲವರಿಗೆ ಹಿತ. ಸೈನ್ಯಕ್ಕೆ ದುಡ್ಡಿದೆ, ಮಂತ್ರಿಗಳ ಕಾರಿಗೆ ದುಡ್ಡಿದೆ, ತಮ್ಮ ಮಕ್ಕಳ ಸಾವು ಬರೆದಿಡುವ ಪುಸ್ತಕಕ್ಕೆ ಮಾತ್ರ ಪರದೇಶದವರ ದುಡ್ಡು ಬೇಕು. ದಕ್ಷಿಣ ಆಫ್ರಿಕಾ ಸರ್ಕಾರ ಈಚೆಗೆ ಅಜಿನ್‌ಕೋರ್ಟಿನಂಥ ಕೇಂದ್ರಗಳನ್ನು ಒಂದೇ ಜಾಲಕ್ಕೆ ತಂದು ತನ್ನ ಬೊಕ್ಕಸದಿಂದ ಹಣ ಕೊಡುತ್ತಿದೆ. ಮನಸ್ಸಿದ್ದರೆ ಆಗುತ್ತದೆ ಅಂತಾಯಿತಲ್ಲ? ಉಳಿದವರು ಯಾಕೆ ಮಾಡಬಾರದು?

‘ಆಫ್ರಿಕಾದವರು ಹಾಗೇ’ ಎಂದು ಕುರ್ಚಿಗೆ ಒರಗುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. 2021ರ ನಮ್ಮ ಜನಗಣತಿ ಕೊರೋನಾ ಕಾರಣಕ್ಕೆ ಮುಂದೆ ಹೋಗಿದ್ದು, ಕೊರೋನಾ ಹೋದ ಮೇಲೂ ಮುಂದೆ ಹೋಗುತ್ತಾ 2027ಕ್ಕೆ ಬಂದು ನಿಂತಿತು. ಹದಿನಾರು ವರ್ಷ ಹಳೆಯ ಪುಸ್ತಕ ಇಟ್ಟುಕೊಂಡು ನಾವು ಇನ್ನೊಬ್ಬರ ಮನೆಯ ಲೆಕ್ಕಕ್ಕೆ ನಗುತ್ತೇವೆ.

ಗೆಳೆಯರಿಗೆ ನಿನ್ನೆ ಸಂಜೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನೀವು ಅವತ್ತೇ ಯಾಕೆ ಹೇಳ್ಲಿಲ್ಲ ಮಾರಾಯ್ರೆ?” ಅಂದರು. ಉತ್ತರ ಇರಲಿಲ್ಲ. ಮುಂದಿನ ಪೂಜೆಯ ಊಟದಲ್ಲಿ ಹೇಳುತ್ತೇನೆ, ಪಾಯಸ ಬರುವ ಮೊದಲೇ. ನಿಮ್ಮ ಪಂಕ್ತಿಯಲ್ಲಿ ಯಾರಾದರೂ ಹೀಗೆ ನಕ್ಕರೆ ನೀವೂ ಹೇಳಿ. ಈ ಬರಹ ಸರಿ ಕಾಣದಿದ್ದರೆ ಕೆಳಗೆ ಬರೆದು ಬೈಯಿರಿ, ಬೇಜಾರಿಲ್ಲ.